ಚೊಚ್ಚಲ ಚಿಪ್ಪಿಗೊಂದು ಬಹಿರಂಗ ಪತ್ರ

ಭಾರತದ ಮೊಟ್ಟಮೊದಲ ದೇಸೀ ಪ್ರೊಸೆಸರ್ ಅವರ ಸನ್ನಿಧಾನಕ್ಕೆ,

ಈ ವಿಳಾಸ ಬರೆದ ಕಾಗದ ಯಾರ ಕೈಗೆ ಸೇರಬೇಕೆಂದು ಅಂಚೆಯಣ್ಣ ತಲೆ ಕೆರೆದುಕೊಂಡರೆ ಅದು ಅವನ ತಪ್ಪಲ್ಲ. ಆ ಹೆಸರಿನವರು ಈಗ ಒಬ್ಬಿಬ್ಬರಲ್ಲ. 2018ರಲ್ಲಿ ಮದ್ರಾಸ್ ಐಐಟಿಯ ‘ಶಕ್ತಿ’ ಬಂದಾಗ ದೇಶದ ಮೊದಲ ಸ್ವದೇಶಿ ಮೈಕ್ರೋಪ್ರೊಸೆಸರ್ ಎಂದು ಪತ್ರಿಕೆಗಳು ಹಿಗ್ಗಿದವು. ಮರುವರ್ಷ ಮುಂಬಯಿ ಐಐಟಿಯ ‘ಅಜಿತ್’ ಬಂತು; ಹಿಗ್ಗು ಅದೇ, ತಲೆಬರಹವೂ ಹೆಚ್ಚುಕಡಿಮೆ ಅದೇ. 2025ರ ಸೆಪ್ಟೆಂಬರಿನಲ್ಲಿ ಇಸ್ರೋದ ‘ವಿಕ್ರಮ್ 3201’ ಪೂರ್ತಿ ದೇಶದಲ್ಲೇ ತಯಾರಾದ ಮೊದಲ 32 ಬಿಟ್ ಪ್ರೊಸೆಸರ್ ಎನಿಸಿಕೊಂಡಿತು. ಅದೇ ಡಿಸೆಂಬರಿನಲ್ಲಿ ಸಿ-ಡ್ಯಾಕ್‌ನ ‘ಧ್ರುವ್64’ ಮೊದಲ 1 ಗಿಗಾಹರ್ಟ್ಸ್, 64 ಬಿಟ್, ಜೋಡಿ ಕೋರಿನ ಪ್ರೊಸೆಸರ್ ಆಗಿ ಅವತರಿಸಿತು. ವಿಶೇಷಣಗಳ ಬಾಲ ಉದ್ದವಾಗುತ್ತಿದೆ, ‘ಮೊದಲ’ ಮಾತ್ರ ಕದಲುತ್ತಿಲ್ಲ. ಮನೆಯಲ್ಲಿ ಹುಟ್ಟಿದ್ದೆಲ್ಲ ಚೊಚ್ಚಲು ಕೂಸೇ ಆದರೆ ಸೂಲಗಿತ್ತಿಗೂ ಲೆಕ್ಕ ತಪ್ಪುತ್ತದೆ.

ತಮ್ಮ ಹುಟ್ಟನ್ನು ಹೀಯಾಳಿಸುವ ಉದ್ದೇಶ ಈ ಪತ್ರಕ್ಕಿಲ್ಲ. ಹೆತ್ತವರು ಪಟ್ಟ ಪಾಡು ಸಣ್ಣದಲ್ಲ.

ಚೊಚ್ಚಲ ಹೆರಿಗೆ ತವರುಮನೆಯಲ್ಲಾಗುವುದು ನಮ್ಮ ಕಡೆಯ ಪದ್ಧತಿ. ಶಕ್ತಿಯ ವಿಷಯದಲ್ಲಿ ಅದು ಸ್ವಲ್ಪ ಅಡ್ಡದಾರಿ ಹಿಡಿಯಿತು. 2018ರ ಆ ಚಿಪ್ಪುಗಳು ಅಚ್ಚಾದದ್ದು ಅಮೆರಿಕದ ಆರೆಗನ್‌ನಲ್ಲಿ, 22 ನ್ಯಾನೋಮೀಟರಿನ ಇಂಟೆಲ್ ಕಾರ್ಖಾನೆಯಲ್ಲಿ. ಯಾರ ಯಜಮಾನಿಕೆಯಿಂದ ಬಿಡುಗಡೆ ಬೇಕಿತ್ತೋ ಅವರ ಮನೆಯಲ್ಲೇ ಬಾಣಂತನ! ಬೈಯುವಂಥದ್ದೇನೂ ಅಲ್ಲ ಬಿಡಿ, ನಮ್ಮ ತವರಿನಲ್ಲಿ ಅಂಥ ತೊಟ್ಟಿಲೇ ಇರಲಿಲ್ಲ. ಮೊಹಾಲಿಯ ಸರ್ಕಾರಿ ಚಿಪ್ ಕಾರ್ಖಾನೆ 1989ರ ಬೆಂಕಿಯಲ್ಲಿ ಸುಟ್ಟುಹೋಗಿ, ವರ್ಷಗಟ್ಟಲೆ ಎದ್ದು ನಿಲ್ಲಲು ಹೆಣಗಿತು. ಇವತ್ತಿಗೂ ಅಲ್ಲಿ ತಯಾರಾಗುವುದು 180 ನ್ಯಾನೋಮೀಟರಿನ ಚಿಪ್ಪು. ಜಗತ್ತು ಆ ಗಾತ್ರಕ್ಕೆ ಬಂದು ಕಾಲು ಶತಮಾನ ಕಳೆಯಿತು. ಜೇಬಿನ ದುಬಾರಿ ಫೋನುಗಳೀಗ 3 ನ್ಯಾನೋಮೀಟರಿನಲ್ಲಿವೆ. ಆದರೆ ರಾಕೆಟ್ಟಿಗೆ ಫೋನಿನ ಷೋಕಿ ಬೇಕಿಲ್ಲ. ಮೊಹಾಲಿಯಲ್ಲೇ ಅಚ್ಚಾದ ವಿಕ್ರಮ್ ಮೈನಸ್ 55ರಿಂದ 125 ಡಿಗ್ರಿ ಸೆಲ್ಸಿಯಸ್‌ವರೆಗೆ ಜಗ್ಗದೆ ಕೆಲಸ ಮಾಡಬಲ್ಲದು. ಪಿಎಸ್‌ಎಲ್‌ವಿ-ಸಿ60ರಲ್ಲಿ ಆಕಾಶಕ್ಕೆ ಹೋಗಿ ಪರೀಕ್ಷೆಯನ್ನೂ ಪಾಸು ಮಾಡಿದೆ.

ಇಸ್ರೋಗಾಗಿಯೇ ಮಾಡಿದ, ಶಕ್ತಿ ಕುಲದ ‘ಐರಿಸ್’ ಚಿಪ್ಪಿನ ದಿಬ್ಬಣವನ್ನೂ ನೋಡಬೇಕು. ರೂಪುರೇಷೆ ಚೆನ್ನೈ ಮತ್ತು ತಿರುವನಂತಪುರದವರದು, ಅಚ್ಚು ಮೊಹಾಲಿಯದು, ಪ್ಯಾಕೇಜಿಂಗ್ ಕರ್ನಾಟಕದ ಟಾಟಾ ಅಡ್ವಾನ್ಸ್ಡ್ ಸಿಸ್ಟಮ್ಸ್‌ನದು, ಸರ್ಕ್ಯೂಟ್ ಬೋರ್ಡು ಗುಜರಾತಿನದು. ಕೊನೆಗೆ ಎಲ್ಲವನ್ನೂ ಜೋಡಿಸಲು ಮತ್ತೆ ಚೆನ್ನೈ. 2025ರ ಫೆಬ್ರವರಿಯಲ್ಲಿ ಅದು ಕೆಲಸ ಮಾಡುತ್ತದೆ ಎಂದು ಘೋಷಣೆಯಾಯಿತು. ಇಷ್ಟು ಊರು ಸುತ್ತಿದ ಮದುಮಗ ಮಂಟಪಕ್ಕೆ ಸರಿಯಾದ ಹೊತ್ತಿಗೆ ಬಂದದ್ದೇ ದೊಡ್ಡದು.

ಶಕ್ತಿ, ಐರಿಸ್, ಧ್ರುವ್ ಇವರ ಮನೆಮಾತು ರಿಸ್ಕ್-ಫೈವ್. (ಅಜಿತ್ ಸ್ಪಾರ್ಕ್ ಭಾಷೆಯವರು, ವಿಕ್ರಮ್ ಅವರದು ಸ್ವಂತದ್ದು.) 2010ರ ಬೇಸಿಗೆಯಲ್ಲಿ ಬರ್ಕ್ಲಿಯ ಕ್ರಿಸ್ಟೆ ಅಸನೋವಿಚ್ ಮತ್ತವರ ವಿದ್ಯಾರ್ಥಿಗಳು ಮೂರು ತಿಂಗಳಲ್ಲಿ ಮುಗಿಸಿಬಿಡೋಣ ಎಂದು ಹೊರಟ ಕೆಲಸ ಅದು. ಪ್ರೊಸೆಸರಿಗೆ ‘ಕೂಡು’, ‘ಎತ್ತಿಡು’, ‘ಅಲ್ಲಿಗೆ ಜಿಗಿ’ ಎಂದು ಹೇಳುವ ಮೂಲ ಆಜ್ಞೆಗಳು ಅದರಲ್ಲಿ 40. ನಮ್ಮ ವರ್ಣಮಾಲೆಗಿಂತ ಒಂಬತ್ತು ಕಮ್ಮಿ. ಇಂಟೆಲ್ಲಿನ ವರ್ಣಮಾಲೆಯನ್ನು ಒಬ್ಬಿಬ್ಬರನ್ನು ಬಿಟ್ಟರೆ ಬೇರೆಯವರು ಮುಟ್ಟುವಂತಿಲ್ಲ. ಆರ್ಮ್‌ನದನ್ನು ಮುಟ್ಟಬಹುದು, ಬಾಡಿಗೆ ಕಟ್ಟಬೇಕು. ರಿಸ್ಕ್-ಫೈವ್‌ಗೆ ಕಾಸಿಲ್ಲ, ಕರಾರಿಲ್ಲ. ಹಿಂದೆ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರಲ್ಲ, ಹಾಗೆ. ಸಿಲಿಕಾನ್ ಬರುವುದೂ ಮರಳಿನಿಂದಲೇ. ಈ ಪುಕ್ಕಟೆ ಅಕ್ಷರಾಭ್ಯಾಸದಿಂದ ಆರ್ಮ್‌ಗೆ ಎಷ್ಟು ಕಸಿವಿಸಿಯಾಯಿತೆಂದರೆ, 2018ರಲ್ಲಿ ಅದು ರಿಸ್ಕ್-ಫೈವ್ ಯಾಕೆ ಅಪಾಯ ಎಂದು ವಿವರಿಸಲು ಒಂದು ವೆಬ್‌ಸೈಟನ್ನೇ ತೆರೆಯಿತು. ನಗೆಪಾಟಲಾದ ಮೇಲೆ ಕೆಲವೇ ದಿನಗಳಲ್ಲಿ ಮುಚ್ಚಿತು. ತಮಗೆ ಅಷ್ಟು ಒಳ್ಳೆಯ ಪ್ರಚಾರವನ್ನು ತಮ್ಮ ಪ್ರಚಾರ ವಿಭಾಗದವರೂ ಮಾಡಿಲ್ಲ.

ಆದರೆ ವರ್ಣಮಾಲೆ ಸ್ವಂತದ್ದಾದರೆ ಸಾಲದು. ರಷ್ಯಾದ ಎಲ್ಬ್ರುಸ್ ಪ್ರೊಸೆಸರನ್ನೇ ನೋಡಿ: ಅಕ್ಷರ ತಮ್ಮದು, ಅಚ್ಚುಕೂಟ ತೈವಾನಿನದು. 2022ರ ಯುದ್ಧದ ಬೆನ್ನಿಗೆ ನಿರ್ಬಂಧ ಬಂದು ಅಚ್ಚುಕೂಟದ ಬಾಗಿಲು ಹಾಕಿಕೊಂಡಿತು.

ಈಗ ಬೆಂಗಳೂರಿನ ಎಸ್‌.ಪಿ. ರೋಡಿಗೆ ಬನ್ನಿ. ಮಂಚದಷ್ಟು ಅಗಲದ ಅಂಗಡಿ, ಸೂರಿನಿಂದ ಜೋತುಬಿದ್ದ ಕೇಬಲ್ ಕಟ್ಟುಗಳು. ಪ್ರಾಜೆಕ್ಟಿನ ಗಡಿಬಿಡಿಯಲ್ಲಿರುವ ಇಂಜಿನಿಯರಿಂಗ್ ಹುಡುಗಿ ದೇಸೀ ಬೋರ್ಡ್ ಕೇಳಿದರೆ ಅಂಗಡಿಯಾತ ಒಂದು ಗಳಿಗೆ ಸುಮ್ಮನಾಗುತ್ತಾನೆ, ಆಮೇಲೆ ಡಬ್ಬಿಯೊಂದಕ್ಕೆ ಕೈ ಹಾಕುತ್ತಾನೆ. ಹೊರಗೆ ಬರುವುದು ಬೆರಳುದ್ದದ ಬೋರ್ಡು, ಅದರ ಮೇಲೆ ತಗಡಿನ ಪುಟ್ಟ ಮುಚ್ಚಳ. ಇಎಸ್‌ಪಿ32-ಸಿ3, ಶಾಂಘೈನ ಎಸ್‌ಪ್ರೆಸಿಫ್ ಕಂಪನಿಯದು, ಬೆಲೆ ಕೆಲವು ನೂರು ರೂಪಾಯಿ. ತಗಡಿನ ಕೆಳಗಿರುವ ಪ್ರೊಸೆಸರ್ ಯಾವ ಕುಲದ್ದು? ರಿಸ್ಕ್-ಫೈವ್! ತಾವು ವೇದಿಕೆಯ ಮೇಲೆ ಶಾಲು ಹೊದ್ದು ಕುಳಿತಿರುವಾಗ ತಮ್ಮ ದಾಯಾದಿ ಸದ್ದಿಲ್ಲದೆ ಚೀನಾದಿಂದ ಬಂದು ಸಂಸಾರ ಹೂಡಿಬಿಟ್ಟಿದ್ದಾನೆ. ಅಂಗಡಿಯಾತ ಅವಳನ್ನು ಕೇಳುವುದು ಒಂದೇ ಪ್ರಶ್ನೆ: “ಒಂದ್ ಪೀಸ್ ಸಾಕಾ, ನೂರು ಬೇಕಾ?”

ತಮ್ಮನ್ನು ಈ ಪ್ರಶ್ನೆ ಕೇಳಿದವರು ಯಾರಾದರೂ ಇದ್ದಾರೆಯೇ ಎಂಬುದೇ ಪತ್ರ ಬರೆಯುತ್ತಿರುವಾತನ ಚಿಂತೆ. 2020ರಲ್ಲಿ ಸರ್ಕಾರ ಶಕ್ತಿ ಮತ್ತು ಸಿ-ಡ್ಯಾಕ್‌ನ ‘ವೇಗ’ ಪ್ರೊಸೆಸರುಗಳನ್ನು ಬಳಸುವವರಿಗೆ ಸ್ಪರ್ಧೆ ಇಟ್ಟು 4.3 ಕೋಟಿ ರೂಪಾಯಿ ಬಹುಮಾನ ಘೋಷಿಸಿತು. ಬಹುಮಾನ ಒಳ್ಳೆಯದೇ, ಆದರೆ ಅದನ್ನು ಆರ್ಡರ್ ಎನ್ನುವುದಿಲ್ಲ. ಅದೇ ಸರ್ಕಾರ ಮನೆಮನೆಗೆ 25 ಕೋಟಿ ಸ್ಮಾರ್ಟ್ ಮೀಟರ್ ಹಾಕಿಸಲು ಹೊರಟಿದೆ. ಒಂದೊಂದು ಮೀಟರಿನ ಹೊಟ್ಟೆಯಲ್ಲೂ ಒಂದು ಬಡಪಾಯಿ ಮೈಕ್ರೋಕಂಟ್ರೋಲರ್ ಕುಳಿತು ಯೂನಿಟ್ ಎಣಿಸುತ್ತದೆ. ಆ ಎಣಿಕೆಗೆ 3 ನ್ಯಾನೋಮೀಟರಿನ ಬೆಡಗು ಯಾಕೆ? ಮೀಟರಿನ ಟೆಂಡರಿನಲ್ಲಿ ದೇಸೀ ಚಿಪ್ಪಿಗೆಂದು ಒಂದು ಪಾಲು ಎತ್ತಿಟ್ಟರೆ ರಿಬ್ಬನ್ ಕತ್ತರಿಸುವ ಅವಕಾಶ ತಪ್ಪುತ್ತದೆ ಎಂಬ ಭಯ ಇರಬಹುದೇನೋ.

ಬೆಂಗಳೂರಿಗೆ ಇದರ ಹಳೆಯ ಅನುಭವವೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು 2001ರ ಹೊತ್ತಿಗೆ ಸಿಂಪ್ಯೂಟರ್ ಮಾಡಿದರು. ಅಂಗೈಯಗಲದ ಕಂಪ್ಯೂಟರು, ಹಾರ್ಡ್‌ವೇರ್ ನಕ್ಷೆಯನ್ನೇ ತೆರೆದಿಟ್ಟ ಪರವಾನಗಿ. ಒಳಗಿನ ಮಿದುಳು ಮಾತ್ರ ಇಂಟೆಲ್ಲಿನ ಸ್ಟ್ರಾಂಗ್‌ಆರ್ಮ್. ದೇಶವಿದೇಶದ ಪತ್ರಿಕೆಗಳು ಕೊಂಡಾಡಿದವು, ಕೊಂಡುಕೊಂಡವರು ಕಮ್ಮಿ.

ಜಗತ್ತಿನ ಸುಮಾರು ಶೇಕಡ 20ರಷ್ಟು ಚಿಪ್ ವಿನ್ಯಾಸಕಾರರು ಭಾರತದಲ್ಲೇ ಇದ್ದಾರೆ ಎಂದು ಸರ್ಕಾರ ಆಗಾಗ ಎದೆ ತಟ್ಟಿಕೊಳ್ಳುತ್ತದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಂದಿನಿಂದ ಆ ಪೈಕಿ ದೊಡ್ಡದೊಂದು ದಂಡು ಇಲ್ಲೇ ಬೀಡುಬಿಟ್ಟಿದೆ. ಬೆಳಗ್ಗೆ ರಿಂಗ್ ರೋಡಿನ ಜಾಮ್‌ನಲ್ಲಿ ನಿಂತವರಲ್ಲಿ ಅವರೂ ಇರುತ್ತಾರೆ, ಊರಿನ ಹೆಸರಿಲ್ಲದ ಚಿಪ್ಪುಗಳಿಗೆ ನಕ್ಷೆ ಬರೆಯಲು ಹೊರಟವರು. ತಮ್ಮ ಮುಂದಿನ ಜನ್ಮದಿನಕ್ಕೆ ಅವರನ್ನೂ ಕರೆಯಿರಿ, ಶಾಲಿನ ಬದಲು ಕಂಪೈಲರಿನ ತಪ್ಪುಗಳ ಪಟ್ಟಿ ತಂದುಕೊಟ್ಟಾರು.

ಇಂತಿ,
ಎರಡನೆಯ ಚಿಪ್ಪಿಗಾಗಿ ಕಾಯುತ್ತಿರುವ ಒಬ್ಬ ಗಿರಾಕಿ

ವಿ.ಸೂ.: ಈ ಪತ್ರ ಟೈಪಾದ ಹಳೆಯ ಇಂಟೆಲ್ ಕಂಪ್ಯೂಟರ್ ಪ್ರತಿದಿನ ಕಣ್ಣು ಬಿಡುವಾಗ ಮೊದಲ ಗಳಿಗೆ ತಾನು 1978ರ 8086 ಎಂದೇ ಭಾವಿಸುತ್ತದೆ; ಆಮೇಲೆ ನೆನಪಾಗಿ 64 ಬಿಟ್ಟಿಗೆ ಏರುತ್ತದೆ. ಆ 8086 ಇಂಟೆಲ್ಲಿನ ಮುದ್ದಿನ ಮಗುವಾಗಿರಲಿಲ್ಲ. ಕನಸೆಲ್ಲ ಇದ್ದದ್ದು ಐಎಪಿಎಕ್ಸ್ 432 ಎಂಬ ಮಹಾ ಯೋಜನೆಯ ಮೇಲೆ. ಅದು ತಡವಾಗುತ್ತದೆಂದು ಹೊತ್ತು ತಳ್ಳಲು ಮಾಡಿದ್ದು 8086. ಮಹಾ ಯೋಜನೆ 1981ರಲ್ಲಿ ಬಂತು, ನಿಧಾನವೆನಿಸಿಕೊಂಡು ಮೂಲೆ ಸೇರಿತು. ಅದೇ ವರ್ಷ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಮಾರುಕಟ್ಟೆಗೆ ಬಿಟ್ಟಿತು. ಅದಕ್ಕಾಗಿ ಇಂಟೆಲ್ಲಿಗೆ ಆರ್ಡರ್ ಕೊಟ್ಟಿದ್ದು 8086ರ ತಮ್ಮ 8088ಕ್ಕೆ.