ಮೆಟಲ್ ಭಕ್ತರ ಗುಪ್ತಶ್ರವಣ: ಒಂದು ಶಾಸ್ತ್ರೀಯ ವಿವೇಚನೆ

ಇಬ್ಬರು ಮೆಟಲ್ ಭಕ್ತರು ಎದುರಾದಾಗ ಹೆಸರು, ಊರು ಆಮೇಲೆ, ಮೊದಲು ಬ್ಯಾಂಡು. ನಮ್ಮ ಹಿರಿಯರ ಗೋತ್ರವಿಚಾರಣೆಯೇ ಇಲ್ಲಿ ಕಪ್ಪು ಟೀಶರ್ಟ್ ತೊಟ್ಟು ಬಂದಿದೆ ಎಂಬುದು ಪ್ರಬಂಧಕಾರನ ಪ್ರತಿಜ್ಞೆ. ಅಧ್ಯಯನದ ಕ್ಷೇತ್ರ ಬೆಂಗಳೂರು. 1998ರಲ್ಲೇ ಕ್ರಿಪ್ಟೋಸ್ ಬ್ಯಾಂಡು ಹುಟ್ಟಿದ, 2007ರಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಅರಮನೆ ಮೈದಾನದ ಧೂಳೆಬ್ಬಿಸಿದ ಪುಣ್ಯಕ್ಷೇತ್ರವಿದು. ಅಂದು ತಾನೂ ಅಲ್ಲಿದ್ದೆ ಎನ್ನುವವರನ್ನೆಲ್ಲ ಲೆಕ್ಕಕ್ಕೆ ಹಿಡಿದರೆ ಆ ಮೈದಾನವನ್ನು ಹೆಬ್ಬಾಳದಾಚೆಗೂ ವಿಸ್ತರಿಸಬೇಕಾದೀತು. ಸದ್ಯಕ್ಕೆ ಎಲ್ಲರನ್ನೂ ನಂಬಿ ಮುಂದುವರಿಯೋಣ.

ಉತ್ಪತ್ತಿ ಪ್ರಕರಣ. ಬರ್ಮಿಂಗ್‌ಹ್ಯಾಮಿನ ಟೋನಿ ಅಯೋಮಿ ಎಂಬ ಎಡಗೈ ಗಿಟಾರಿಗ ತಗಡಿನ ಕಾರ್ಖಾನೆಯಲ್ಲಿ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡ. ತಂತಿ ಒತ್ತುವ ಕೈ ಅದೇ. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ತೆಳು ತಂತಿ ಹಾಕಿದ, ಮುಂದೆ ಶ್ರುತಿಯನ್ನೂ ಇಳಿಸಿದ. ಅವನ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಂ 1970ರ ಫೆಬ್ರವರಿ 13ರ ಶುಕ್ರವಾರ ಹೊರಬಂತು. ಆ ಕಾರ್ಖಾನೆಯಲ್ಲಿ ಸುರಕ್ಷತಾ ನಿಯಮ ಸರಿಯಾಗಿ ಪಾಲನೆಯಾಗಿದ್ದರೆ ಈ ಪ್ರಬಂಧಕ್ಕೆ ವಸ್ತುವೇ ಇರುತ್ತಿರಲಿಲ್ಲ.

ಶಾಖಾ ಪ್ರಕರಣ. ಥ್ರ್ಯಾಶ್, ಡೆತ್, ಬ್ಲ್ಯಾಕ್, ಡೂಮ್, ಗ್ರೈಂಡ್ ಇತ್ಯಾದಿ. ಬರೀ 'ಮೆಟಲ್ ಇಷ್ಟ' ಎಂದವನು ಇನ್ನೂ ಉಪನಯನವಾಗದವನು. ಕಾಲಪ್ರಮಾಣದಿಂದಲೂ ಭೇದ ಹೇಳಬಹುದು. ನೇಪಾಮ್ ಡೆತ್‌ನ 1987ರ ಒಂದು ಹಾಡು ಒಂದು ಸೆಕೆಂಡಿಗಿಂತ ತುಸು ಹೆಚ್ಚು, 'ಏನು?' ಅನ್ನುವಷ್ಟರಲ್ಲಿ ಮಂಗಳ. ಸ್ಲೀಪ್ ತಂಡದ 'ಡೋಪ್‌ಸ್ಮೋಕರ್' ಒಂದು ಗಂಟೆ ಮೀರುವ ಒಂದೇ ಹಾಡು. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಸಂಜೆಯ ಟ್ರಾಫಿಕ್ಕಿನಲ್ಲಿ ಮಾತ್ರ ಅದರ ಪೂರ್ಣ ಪಾರಾಯಣ ಸಾಧ್ಯ.

ಇನ್ನು ಮುಖ್ಯ ವಿಷಯ. ಈ ಭಕ್ತರು ಮೆಟಲ್ ಬಿಟ್ಟು ಬೇರೇನು ಕೇಳುತ್ತಾರೆ?

ಪೂರ್ವಪಕ್ಷ: ಏನೂ ಇಲ್ಲ. ಹಾಗೆಂದು ಅವರೇ ಹೇಳುತ್ತಾರೆ.

ಇದು ಸಲ್ಲದು. ಪ್ರತ್ಯಕ್ಷ ಪ್ರಮಾಣವಿದೆ. ನಾಲ್ವರು ಭಕ್ತರು ಒಂದು ಕಾರಿನಲ್ಲಿ ಹೋಗುತ್ತಿದ್ದಾರೆನ್ನಿ. ಡೆನಿಮ್ ಜಾಕೆಟ್ಟಿನ ತುಂಬ ಬ್ಯಾಂಡುಗಳ ಬಟ್ಟೆಬಿಲ್ಲೆ ಹೊಲಿಸಿಕೊಂಡವನ ಫೋನು ಬ್ಲೂಟೂತಿಗೆ ಸೇರಿದೆ. 1986ರ 'ರೇನ್ ಇನ್ ಬ್ಲಡ್' ಮುಗಿಯುತ್ತದೆ. ಆ ಆಲ್ಬಂ ಅರ್ಧ ಗಂಟೆಯೂ ಇಲ್ಲ, ಅನಾಹುತಕ್ಕೆ ಅದೇ ಕಾರಣ. ಮರುಕ್ಷಣ ಹಂಸಲೇಖರ 'ಪ್ರೇಮಲೋಕ' ತಾನಾಗಿ ಶುರು. ಬಟ್ಟೆಬಿಲ್ಲೆಯವನ ಹೆಬ್ಬೆರಳು ಪರದೆಯ ಮೇಲೆ ತಡಕಾಡುತ್ತದೆ. 'ಅಮ್ಮನ ಪ್ಲೇಲಿಸ್ಟ್ ಮಗಾ' ಎನ್ನುತ್ತಾನೆ. ಹಿಂದಿನ ಸೀಟಿನಿಂದ, ಅದುವರೆಗೆ ನಾರ್ವೆಯ ಬ್ಲ್ಯಾಕ್ ಮೆಟಲ್ ಬಿಟ್ಟರೆ ಮಿಕ್ಕದ್ದೆಲ್ಲ ಜಾಹೀರಾತು ಸಂಗೀತ ಎನ್ನುತ್ತಿದ್ದವನು, ಚರಣವನ್ನು ಬಾಯಿಪಾಠವಾಗಿ ಹಾಡುತ್ತಾನೆ. ಪದ ತಪ್ಪದೆ. ಅಮ್ಮಂದಿರ ಮೇಲೆ ಹೊರಿಸುವ ಈ ವಾದವನ್ನು ಅರ್ಥಾಪತ್ತಿಯಿಂದ ತಳ್ಳಿಹಾಕಲಾಗಿದೆ: ಅಮ್ಮನ ಪ್ಲೇಲಿಸ್ಟ್ ಮಗನ ಫೋನಿನಲ್ಲಿ ಹೇಗೆ ಬಂತು?

ತಪ್ಪೊಪ್ಪಿಗೆಗೂ ಕ್ರಮವಿದೆ. ಮೊದಲು ಬಾಖ್, ಅದರಲ್ಲಿ ಮಾನಹಾನಿಯಿಲ್ಲ, ಮೆಟಾಲಿಕಾದ ಕ್ಲಿಫ್ ಬರ್ಟನ್ನನಿಗೇ ಅವನೆಂದರೆ ಪ್ರಾಣ. ಬಾಖ್ ದಾಟಿದರೆ ಇಳಯರಾಜರ 'ಹೌ ಟು ನೇಮ್ ಇಟ್', ಅದರಲ್ಲಿ ಬಾಖ್ ಜೊತೆ ತ್ಯಾಗರಾಜರೂ ಇದ್ದಾರೆಂಬ ಸಮರ್ಥನೆ ಸಮೇತ. ಆಮೇಲೆ ಕರ್ನಾಟಕ ಸಂಗೀತಕ್ಕೆ ರಾಕ್ ಬೆಸೆದ ಬೆಂಗಳೂರಿನ ಅಗಮ್. ಪಿ.ಬಿ. ಶ್ರೀನಿವಾಸ್ ಹೆಸರು ಬರುವುದು ರಾತ್ರಿ ಹನ್ನೊಂದರ ಮೇಲೆ, ಅದೂ ಪಕ್ಕದಲ್ಲಿ ಅಪರಿಚಿತರಿಲ್ಲದಿದ್ದರೆ.

ಸೋಜಿಗವೆಂದರೆ ದೇವರುಗಳಿಗೆ ಈ ಮಡಿ ಇಲ್ಲ. ಮೋಟರ್‌ಹೆಡ್‌ನ ಲೆಮ್ಮಿ ಹುಡುಗನಾಗಿದ್ದಾಗ ಲಿವರ್‌ಪೂಲಿನ ಕ್ಯಾವರ್ನ್ ಕ್ಲಬ್ಬಿನಲ್ಲಿ ಬೀಟಲ್ಸ್ ಕೇಳಿದವನು, ಕೊನೆಯವರೆಗೂ ಅವರನ್ನು ಹೊಗಳಿದವನು. ಮೆಗಾಡೆತ್ ಬಿಟ್ಟ ಮಾರ್ಟಿ ಫ್ರೀಡ್‌ಮನ್ ಜಪಾನಿಗೇ ಹೋಗಿ ನೆಲೆಸಿ, ಅಲ್ಲಿನ ಪಾಪ್ ಹಾಡುಗಳನ್ನು ಟೀವಿಯಲ್ಲಿ ಮೆಚ್ಚುತ್ತ ಕೂತ. ಗರ್ಭಗುಡಿಯಲ್ಲಿ ಇಲ್ಲದ ಮೈಲಿಗೆ ಪ್ರಾಕಾರದಲ್ಲಿ ಎಲ್ಲಿಂದ ಬಂತು ಎಂಬುದಕ್ಕೆ ಈವರೆಗಿನ ಭಾಷ್ಯಕಾರರು ಮೌನ. ನನ್ನ ಗುಮಾನಿ ಟೀಶರ್ಟಿನ ಮೇಲೆ: ತೊಟ್ಟವರು ಅದರ ಮರ್ಯಾದೆ ಕಾಯಬೇಕಲ್ಲ.

ಹೆಚ್ಚಿನ ಕ್ಷೇತ್ರಕಾರ್ಯಕ್ಕಾಗಿ ವಿದ್ವತ್ ಮಂಡಳಿಯಲ್ಲಿ ಈ ಕೆಳಗಿನ ಅನುದಾನ ಕೋರಲಾಗಿದೆ: ಬ್ಲೂಟೂತ್ ಇರುವ ಒಂದು ಕಾರು, ಪೆಟ್ರೋಲು, ಐವರಿಗೆ ಬೆಣ್ಣೆ ಮಸಾಲೆ. ಕಿವಿಗೆ ಹತ್ತಿ ನಮ್ಮದೇ.