ಲೋಕಸಂಚಾರಿಯ ಚಾತುರ್ಮಾಸ್ಯ

ಯತಿಗಳು ಸಂಚಾರ ನಿಲ್ಲಿಸಿ ಚಾತುರ್ಮಾಸ್ಯಕ್ಕೆ ಕೂರುವುದು ಮಳೆಗಾಲದಲ್ಲಿ. ನಮ್ಮ ಲೋಕಸಂಚಾರಿಗೆ ಕಾಲ ಗೊತ್ತುಮಾಡುವುದು ವೀಸಾ. ದಕ್ಷಿಣ ಫ್ರಾನ್ಸಿನ ಮೊಂಪೆಲಿಯೆ ಊರಲ್ಲಿ ಪರದೇಶದವರಿಗೆ ಫ್ರೆಂಚ್ ಕಲಿಸುವ ಯಾವ ತರಗತಿಗಾದರೂ ಇಣುಕಿ ನೋಡಿ, ಕೊನೆಯ ಬೆಂಚಿನಲ್ಲಿ ಇಂಥವನೊಬ್ಬ ಇದ್ದೇ ಇರುತ್ತಾನೆ. ಕೆದರಿದ ಗಡ್ಡ, ಬಣ್ಣಗೆಟ್ಟ ಬೆನ್ನುಚೀಲ, ಚೀಲದ ತುಂಬಾ ಹೊಲಿದುಕೊಂಡ ದೇಶದೇಶದ ಬಾವುಟ. ಯಾಕಪ್ಪಾ ನಿಂತೆ ಅಂದರೆ, "ಮೇಲ್ಮೇಲೆ ಸುತ್ತಿದ್ದು ಸಾಕು, ಒಂದು ಸಂಸ್ಕೃತಿಯ ಆಳಕ್ಕೆ ಇಳಿಯೋಣ ಅನ್ನಿಸಿತು" ಎನ್ನುತ್ತಾನೆ. ಷೆಂಗೆನ್ ದೇಶಗಳಲ್ಲಿ ಪ್ರವಾಸಿಗೆ 180 ದಿನಕ್ಕೆ 90 ದಿನವಷ್ಟೇ ಠಿಕಾಣಿ, ವಿದ್ಯಾರ್ಥಿಯಾದರೆ ವರ್ಷದವರೆಗೂ ಇರಬಹುದು ಎಂಬ ಸಂಗತಿಯೂ ಆ ಆಳದಲ್ಲೇ ಎಲ್ಲೋ ಇರುತ್ತದೆ. ನಾವು ಕೆದಕಬಾರದು.

ಭೂಗೋಳವನ್ನೇ ಕೈಸನ್ನೆಯಲ್ಲಿ ದಾಟಿದವನನ್ನು ಇಲ್ಲಿ ಶಿಶುವಿಹಾರಕ್ಕೆ ಹಾಕುತ್ತಾರೆ. ಆರು ಹಂತಗಳಲ್ಲಿ ಮೊದಲನೆಯದಾದ ಎ1. ಅಲ್ಲಿ ಭೂತಕಾಲ ಇನ್ನೂ ಪಾಠಕ್ಕೆ ಬಂದಿರುವುದಿಲ್ಲ. ಸಂಚಾರಿಯ ಆಸ್ತಿಯೆಲ್ಲ ಇರುವುದೋ ಭೂತಕಾಲದಲ್ಲಿ! ಆದರೂ ಬಿಡುವವನಲ್ಲ. ಎದ್ದು ನಿಂತು ವರ್ತಮಾನದಲ್ಲೇ ಶುರುಮಾಡುತ್ತಾನೆ: "ನಾನು ಸೈಕಲ್ಲಿನಲ್ಲಿ ಪಾಮೀರ್ ಪರ್ವತ ಹತ್ತುತ್ತೇನೆ. ಟೈರು ಒಡೆಯುತ್ತದೆ. ಹಿಮ ಇದೆ. ನಾನು ಅಳುತ್ತೇನೆ."

"ಓ, ಯಾವಾಗ ಹೊರಡುತ್ತೀರಿ?" ಎಂದು ಕೇಳುತ್ತಾಳೆ, ಅವನ ಅರ್ಧ ವಯಸ್ಸಿನ ಮೇಡಂ.

ಭೂತಕಾಲ ಕಲಿಸುವ ವೇಳೆಗೆ ಈ ಕಥೆ ತರಗತಿಗೆಲ್ಲ ಬಾಯಿಪಾಠವಾಗಿರುತ್ತದೆ.

ತರಗತಿಯಿಂದ ಹೊರಬಿದ್ದರೆ ಕಾಗದಪತ್ರದ ಪಾಮೀರು. ಬ್ಯಾಂಕಿನವರು ಮನೆಯ ವಿಳಾಸಕ್ಕೆ ದಾಖಲೆ ತಾ ಎಂದರೆ, ಮನೆ ಮಾಲೀಕರು ಬ್ಯಾಂಕ್ ಖಾತೆ ತೋರಿಸು ಎನ್ನುತ್ತಾರೆ. ಗಡಿಠಾಣೆಗಳಲ್ಲಿ ಸಿಗರೇಟು ಹಂಚಿ ಪಾರಾದ ವಿದ್ಯೆ ಈ ಎರಡು ಮೇಜುಗಳ ನಡುವೆ ನಡೆಯುವುದಿಲ್ಲ. ಅಂತೂ ಒಂದು ದಿನ ಅವನ ಹೆಸರಿಗೆ ಕರೆಂಟ್ ಬಿಲ್ಲು ಬರುತ್ತದೆ. ಹಣ ಕಟ್ಟಬೇಕೆಂಬ ದುಃಖವೇ ಇಲ್ಲ. ಹೆಸರಿನ ಸ್ಪೆಲಿಂಗು ಸರಿಯಿದೆಯೇ ಎಂದು ಬೆರಳಿಟ್ಟು ಓದಿ, ಪ್ಲಾಸ್ಟಿಕ್ ಕವರಿನೊಳಗೆ ಜೋಪಾನ ಮಾಡುತ್ತಾನೆ. ಪಾಸ್‌ಪೋರ್ಟನ್ನು ಹಾಗೆ ನೋಡಿಕೊಂಡವನಲ್ಲ.

ಆ ಬಿಲ್ಲು ತೋರಿಸಿದರೆ ಟ್ರಾಮಿನ ಪಾಸು. 2023ರ ಡಿಸೆಂಬರಿನಿಂದ ಇಲ್ಲಿ ಊರಿನವರಿಗೆ ಬಸ್ಸು, ಟ್ರಾಮು ಎಲ್ಲ ಪುಕ್ಕಟೆ. ಟಿಕೆಟ್ ಕೊಳ್ಳುವುದು ಪರಸ್ಥಳದವರು ಮಾತ್ರ. ಒಂದನೇ ನಂಬರಿನ ನೀಲಿ ಟ್ರಾಮಿನ ಮೈತುಂಬಾ ವಲಸೆ ಹಕ್ಕಿಗಳ ಚಿತ್ರವಿದೆ. ಅದು ದಿನವಿಡೀ ಅದೇ ಹಳಿಯ ಮೇಲೆ ಹೋಗಿ ಬರುತ್ತಿರುತ್ತದೆ, ಒಳಗೆ ನಮ್ಮ ಸಂಚಾರಿಯೂ. ಈಗ ಅವನಿಗೆ ಪ್ರವಾಸಿಗಳನ್ನು ಕಂಡರೆ ಆಗುವುದಿಲ್ಲ. ಪ್ಲಾಸ್ ದ ಲಾ ಕೊಮೆದಿ ಚೌಕದಲ್ಲಿ ದಾರಿಗಡ್ಡ ನಿಂತು ಫೋಟೊ ಹೊಡೆಯುತ್ತಾರಂತೆ, ಬೇಕರಿಯಲ್ಲಿ 'ಬೊಂಜೂರ್' ಅನ್ನದೆ ಬ್ರೆಡ್ಡು ಕೇಳುತ್ತಾರಂತೆ.

ಹಳೆಯ ಸಹಯಾತ್ರಿಯೊಬ್ಬ ಹುಡುಕಿಕೊಂಡು ಬಂದು, ಟ್ರಾಮಿನಲ್ಲಿ ಪಕ್ಕಕ್ಕೆ ಕೂತು, ಜಾರ್ಜಿಯಾಕ್ಕೆ ಹೊರಡೋಣವೇ ಎಂದರೆ, "ಬಿ2 ಪರೀಕ್ಷೆ ಮುಗಿಯಲಿ" ಎನ್ನುತ್ತಾನೆ. ಮುಂದೆ ಸಿ1 ಇದೆ, ಸಿ2 ಇದೆ. "ಮೊದಲು ನೀನು ಟಿಕೆಟ್ ತಗೋ. ನನಗೆ ಬೇಡ, ನಾನು ಊರಿನವನು."

ಅಷ್ಟರಲ್ಲಿ ಟಿಕೆಟ್ ತಪಾಸಣೆಯವನು ಬರುತ್ತಾನೆ. ಸಂಚಾರಿ ಪಾಸು ಹಿಡಿದು, ತಿಂಗಳಿಂದ ಸಾಣೆ ಹಿಡಿದಿಟ್ಟ ವಾಕ್ಯವನ್ನು ಒಂದೇ ಉಸಿರಿಗೆ ಹೇಳುತ್ತಾನೆ. ಭೂತಕಾಲವೂ ಇದೆ, ಲಿಂಗವೂ ತಪ್ಪಿಲ್ಲ.

ತಪಾಸಣೆಯವನು ತಲೆಯಾಡಿಸಿ, ಅಪ್ಪಟ ಇಂಗ್ಲಿಷಿನಲ್ಲಿ ಹೇಳುತ್ತಾನೆ: "ನಿಮ್ಮ ಪ್ರವಾಸ ಸುಖಕರವಾಗಿರಲಿ."