ಸಕ್ಕರೆಯ ಸಾಕ್ಷಿ

ಅರವತ್ತು ದಾಟಿದವನಿಗೆ ಎರಡು ಜಾತಕ: ಸ್ವಾಮಿಗಳು ಬರೆದದ್ದೊಂದು, ಲ್ಯಾಬಿನವರು ಕೊಟ್ಟದ್ದೊಂದು. ಮೊದಲನೆಯದರಲ್ಲಿ ಶನಿ ಕಾಡಿದರೆ ಶಾಂತಿ ಮಾಡಿಸಬಹುದು. ಎರಡನೆಯದಕ್ಕೆ ಆ ಸವಲತ್ತಿಲ್ಲ.

ಅದಕ್ಕೇ ನಾನು ತಯಾರಿಯಿಲ್ಲದೆ ರಕ್ತ ಕೊಡುವುದಿಲ್ಲ. ವಾರ ಮೊದಲೇ ಚಹಾಕ್ಕೆ ಸಕ್ಕರೆ ಬಂದ್. ರಾತ್ರಿ ಅರ್ಧ ರೊಟ್ಟಿ, ಬೆಳಿಗ್ಗೆ ಹೊಲದ ತನಕ ನಡಿಗೆ. ಆಮೇಲೆ ಉಪವಾಸದ ಮುಖ ಹೊತ್ತು ಆಳಂದದ ಬಸ್ಸು. ತಿರುಗಿ ಸರಸಂಬಾದಲ್ಲಿ ಇಳಿದರೆ ಕಟ್ಟೆ ಮೇಲಿನ ಹುಡುಗರು, 'ಕಾಕಾ, ಶುಗರ್ ಎಷ್ಟ್ ಬಂದದ್ರಿ?' ಎನ್ನುತ್ತಾರೆ, ಎಸ್ಸೆಸ್ಸೆಲ್ಸಿ ಫಲಿತಾಂಶ ಕೇಳಿದ ಧಾಟಿಯಲ್ಲಿ.

ಸಂಜೆ ವಾಟ್ಸಾಪಿಗೆ ರಿಪೋರ್ಟ್ ಬಂತು. ಫಾಸ್ಟಿಂಗ್ 98. ಮೀಸೆ ತಿರುವಿದೆ. ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಮೀಸೆ ಇಳಿಯಿತು: ಎಚ್‌ಬಿಎ1ಸಿ 6.9, ಅದೂ ದಪ್ಪ ಅಕ್ಷರದಲ್ಲಿ.

ಈ ಪರೀಕ್ಷೆ ಚಾಡಿಕೋರ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದಂತೆ. ಅಷ್ಟೂ ದಿನ ರಕ್ತದಲ್ಲಿ ಓಡಾಡಿದ ಸಕ್ಕರೆ ಅದರ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ನನ್ನ ಒಂದು ವಾರದ ಸನ್ಯಾಸ ಅದಕ್ಕೆ ಲೆಕ್ಕವೇ ಅಲ್ಲ. ಎರಡು-ಮೂರು ತಿಂಗಳ ಸರಾಸರಿ ಹೇಳಿಬಿಡುತ್ತದೆ. 5.7ರ ಕೆಳಗಿದ್ದರೆ ಸಜ್ಜನ, 6.5 ಮುಟ್ಟಿದರೆ ಮಧುಮೇಹಿ.

ಇವಳು ಕನ್ನಡಕ ಏರಿಸಿ ಓದಿದಳು. 'ಅಲ್ರೀ, ಎಳ್ಳಮಾವಾಸಿ ದಿನ ಹೊಲದಾಗ ಒಂದೇ ಶೇಂಗಾ ಹೋಳಿಗಿ ತಿಂದೀನಿ ಅಂದಿದ್ರಿ. ಇದು ನಾಕ್ ಅಂತದ. ಶರಣಬಸಪ್ಪನ ಜಾತ್ರ್ಯಾಗ ತಿಂದ ಮಿಠಾಯಿ ಬ್ಯಾರೆ!'

ನಾನೂ ಸುಮ್ಮನಿರಲಿಲ್ಲ. 'ಆರೋಗ್ಯವಂತ ನೂರು ಮಂದ್ಯಾಗ 95 ಮಂದಿ ಅಂಕಿ ನೋಡಿ ನಾರ್ಮಲ್ ಅಂತ ಗೆರಿ ಎಳಿತಾರ. ಉಳಿದ ಐದು ಮಂದಿ ಗಟ್ಟಿ ಇದ್ರೂ ಗೆರಿ ಹೊರಗ. ನಾ ಅವರೊಳಗಿನಾಂವ' ಎಂದೆ.

ಮರುದಿನ ಡಾಕ್ಟರ ಮುಂದೆಯೂ ಇದೇ ವಾದ ಹೂಡಿದೆ. ಅವರು ನಕ್ಕು, 'ಆ ಲೆಕ್ಕ ಸೋಡಿಯಂ, ಪೊಟ್ಯಾಸಿಯಂಗ ನಡೀತದ್ರಿ ಯಜಮಾನ್ರ. ಇದಕ್ಕ ನಡ್ಯಂಗಿಲ್ಲ' ಎಂದು ಗುಳಿಗೆ ಬರೆದರು. 'ಮೂರು ತಿಂಗಳಿಗೆ ಮತ್ತ ತಪಾಸ ಮಾಡಿಸ್ರಿ.'

ಬೆರಳು ಮಡಚಿ ಎಣಿಸಿದೆ. 'ಡಾಕ್ಟ್ರೇ, ಕಾರಹುಣ್ಣಿಮಿಗಿ ಮೊದಲೋ, ಆಮ್ಯಾಲೋ?'

ಡಾಕ್ಟರು ಬಾಯಿ ತೆರೆಯುವ ಮೊದಲೇ ಇವಳೆಂದಳು: 'ಆಮ್ಯಾಲೇ ಬರೀರಿ ಸರ್. ಹೋಳಿಗಿ ನಾನೇ ಎಣಿಸಿ ಹಾಕ್ತೀನಿ, ಲೆಕ್ಕ ತಾಳಿ ಬೀಳ್ತದೋ ಇಲ್ಲೋ ನೋಡೂಣು.'